ಯಾವುದು ಬಿಟ್ಟಿ?

ಬರುವ ಗ್ರಾಮ ಪಂಚಾಯ್ತಿ ಚುನಾವಣೆಗೆ ನಮ್ಮ ವಾರ್ಡಿನಿಂದ ನಿಲ್ಲಲು ಹೊರಟಿರುವ ಮಹಾಶಯನೊಬ್ಬ ಈಗಲೇ ಕರಪತ್ರ ಹಂಚಿದ್ದಾನೆ. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಹಾಗಾಗಿ ಬಸ್ಸಿನ ಚಿತ್ರ ಅಚ್ಚು ಹಾಕಿಸಿದ್ದಾನೆ. ಕೆಳಗೆ ಎರಡು ಮಾತು. ಊರಿಗೆ ಹೊತ್ತುಹೊತ್ತಿಗೆ ಬಸ್ಸು ತರ್ತಾನಂತೆ. ಎಲ್ಲ ಕೆಲಸವನ್ನೂ ಜನರ ಸಹಭಾಗಿತ್ವದಲ್ಲಿ ಮಾಡ್ತಾನಂತೆ.

ಅವನ ಹೆಸರು ಇಲ್ಲಿ ಬೇಡ. ನೀವು ಇದನ್ನು ಓದುತ್ತಿರುವ ಊರಿನಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ನನ್ನ ತಕರಾರು ಅವನ ಮುಖದ ಮೇಲಲ್ಲ, ಅವನ ಮಾತಿನ ಮೇಲೆ.

ಅರಳಿಕಟ್ಟೆಯ ಮುಂದೆ ಅವನು ಸಭೆ ಮಾಡಿದ. ಕಟ್ಟೆಯ ಮೇಲೆ ಊರಿನವರು ಕೂತಿದ್ದರು. ನಮ್ಮ ಕೇರಿಯವರು ಕೆಳಗೆ ನಿಂತಿದ್ದರು. ಯಾರೂ ನಿಂತ್ಕೊಳ್ಳಿ ಅಂತ ಹೇಳಲಿಲ್ಲ. ಹೇಳಬೇಕಾದ ಕಾಲ ಎಂದೋ ಮುಗಿದಿದೆ, ಕಾಲುಗಳೇ ಕಲಿತುಬಿಟ್ಟಿವೆ. ಅವನು ಮೂರು ಸಂಗತಿ ಹೇಳಿದ. ಊರ ಮುಂದಿನ ಕಮಾನಿನ ಹತ್ತಿರ ತನ್ನ ತಂದೆಯ ಹೆಸರಿನಲ್ಲಿ ಬಸ್ ತಂಗುದಾಣ ಕಟ್ಟಿಸುತ್ತಾನೆ. ಅದಕ್ಕೆ ಮಣ್ಣು, ಕಲ್ಲು ಹೊರಲು ಕೇರಿಯಿಂದ ಮನೆಗೊಂದಾಳು ಬರಬೇಕು, ಅದೇ ಸಹಭಾಗಿತ್ವ. ಇನ್ನು ಬಸ್ಸು ಕೇರಿಯ ಹತ್ತಿರ ಯಾಕೆ ನಿಲ್ಲೋದಿಲ್ಲ ಅಂತ ಒಬ್ಬಳು ಅಜ್ಜಿ ಕೇಳಿದ್ದಕ್ಕೆ ನಗ್ತಾ ಹೇಳಿದ: "ಹೆಂಗಸರೆಲ್ಲ ಬಿಟ್ಟಿ ಹತ್ತಿ ಬಸ್ಸು ತುಂಬಿಸ್ತೀರಲ್ಲಮ್ಮ, ನಿಲ್ಸೋದೆಲ್ಲಿ?"

ಕಟ್ಟೆ ನಕ್ಕಿತು. ಅಜ್ಜಿ ಸೆರಗು ಬಾಯಿಗೆ ಇಟ್ಟುಕೊಂಡು ಸುಮ್ಮನಾದಳು. ಆವತ್ತಿನಿಂದ ಆ ಮಾತು ನನ್ನನ್ನು ಕೊರೆಯುತ್ತಿದೆ.

ಬಿಟ್ಟಿ ಅಂದರೆ ಏನು, ಗೆಳೆಯರೇ? 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್ ಬಂತು. ಆ ಟಿಕೆಟ್ಟಿನ ಬಾಬ್ತನ್ನು ನಿಗಮಗಳಿಗೆ ತುಂಬಿಕೊಡಬೇಕಾದ್ದು ಸರ್ಕಾರ. ಸರ್ಕಾರದ ಹಣ ಯಾರದು? ಸೋಪು, ಬೆಂಕಿಪೊಟ್ಟಣ ಕೊಳ್ಳುವ ಅಜ್ಜಿಯದೂ ಹೌದು. ಇದರ ಹೆಸರು ಬಿಟ್ಟಿಯಲ್ಲ, ಹಕ್ಕು. 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ 15ರಷ್ಟು ಏರಿತು. ನಮ್ಮ ಕೇರಿಯ ಗಂಡಸರು ಕೂಲಿಯಲ್ಲಿ ಕಿತ್ತು ಆ ದರ ಕೊಟ್ಟರು. ಅವರಿಗಾದರೂ ಬಸ್ಸು ಕೇರಿಯ ಮುಂದೆ ನಿಂತಿತೇ? ಇಲ್ಲ. ಹಾಗಾದರೆ ನಿಲ್ಲದಿರುವುದಕ್ಕೆ ಕಾರಣ ಟಿಕೆಟ್ಟಲ್ಲ.

ನಿಜವಾದ ಬಿಟ್ಟಿ ಬೇರೆ ಇದೆ. ನಮ್ಮ ತಾತ ಮುತ್ತಾತಂದಿರು ಮಾಡಿದ್ದು ಬಿಟ್ಟಿ. ಊರ ಹಬ್ಬಕ್ಕೆ ಸೌದೆ ಒಡೆದದ್ದು, ಸತ್ತ ದನ ಎಳೆದದ್ದು, ಧಣಿಯ ಕಾಗದ ಹೊತ್ತು ಓಡಿದ್ದು, ಎಲ್ಲವೂ ಬಿಟ್ಟಿ. ಅದನ್ನು ಕರೆಯಲು ಬಂದವನೂ "ಮನೆಗೊಂದಾಳು" ಎಂದೇ ಕೂಗುತ್ತಿದ್ದ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. 1976ರಲ್ಲಿ ಜೀತ ರದ್ದತಿಯ ಕಾನೂನೂ ಬಂತು. ಈಗ ಅದೇ ಕೂಗು ಖಾದಿ ತೊಟ್ಟುಕೊಂಡು ಬಂದಿದೆ, ಹೆಸರು ಬದಲಾಯಿಸಿಕೊಂಡಿದೆ. ನಮ್ಮ ಹೆಂಗಸರು ಸರ್ಕಾರದ ಬಸ್ಸಿನಲ್ಲಿ ಕೂತರೆ ಬಿಟ್ಟಿ. ನಮ್ಮ ಗಂಡಸರು ಅವನಪ್ಪನ ಹೆಸರಿನ ಕಟ್ಟಡಕ್ಕೆ ಕಲ್ಲು ಹೊತ್ತರೆ ಸಹಭಾಗಿತ್ವ! ಈ ನಿಘಂಟು ಯಾರು ಬರೆದದ್ದು, ಸ್ವಾಮಿ?

ನಮ್ಮೂರ ಬಸ್ಸಿನ ದಾರಿಯನ್ನು ಹೇಳುತ್ತೇನೆ. ಪೇಟೆಯಿಂದ ಬರುವ ಬಸ್ಸು ಕೆರೆ ಏರಿ ಇಳಿದ ಕೂಡಲೇ ಮೊದಲು ಸಿಗುವುದು ನಮ್ಮ ಕೇರಿ. ಅಲ್ಲಿ ನಿಲ್ಲುವುದಿಲ್ಲ. ಮುಂದೆ ಒಂದು ಕಿಲೋಮೀಟರು ಹೋಗಿ ಕಮಾನಿನ ಹತ್ತಿರ ನಿಲ್ಲುತ್ತದೆ. ಮೂಟೆ ಹೊತ್ತವಳು, ಬಸುರಿ, ಜ್ವರದ ಕೂಸು, ಎಲ್ಲರೂ ಅಲ್ಲಿ ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು.

ನಮ್ಮ ಮನೆಯಲ್ಲಿ ಡಿಗ್ರಿ ಮುಟ್ಟಿದವನು ನಾನೇ ಮೊದಲು. ಕಾಲೇಜಿನ ದಿನಗಳಲ್ಲಿ ಕೇರಿಯ ಮುಂದೆ ನಿಂತು ಎಷ್ಟು ಸಲ ಕೈ ಅಡ್ಡ ಹಿಡಿದಿದ್ದೇನೋ ಲೆಕ್ಕವಿಲ್ಲ. ಬಸ್ಸು ಧೂಳು ಎರಚಿ ಹೋಗುತ್ತಿತ್ತು. ಕಮಾನಿನ ತನಕ ಓಡಿ ಹೋದರೆ ಸಿಕ್ಕರೆ ಸಿಕ್ಕಿತು. ಒಂದು ವರ್ಷ ಪರೀಕ್ಷೆಯ ದಿನ ಸಿಗಲಿಲ್ಲ. ಕೋಳಿ ಸಾಗಿಸುವ ಗಾಡಿಯಲ್ಲಿ ಹೋಗಿ ಅರ್ಧ ಗಂಟೆ ತಡವಾಗಿ ಬರೆದೆ. ಪಾಸಾದೆ, ಸರಿ. ಆದರೆ ನನ್ನ ಜೊತೆ ಓಡುತ್ತಿದ್ದ ಮಾವನ ಮಗಳು ಎರಡನೇ ಪಿಯುಸಿಗೇ ನಿಂತಳು. ಸಂಜೆ ಬಸ್ಸು ಇಳಿದು ಕತ್ತಲಲ್ಲಿ ಆ ಒಂದು ಕಿಲೋಮೀಟರು ಅವಳು ನಡೆಯುವುದು ಬೇಡ ಅಂತ ಮನೆಯಲ್ಲಿ ತೀರ್ಮಾನವಾಯಿತು. ಒಂದು ಕಿಲೋಮೀಟರಿನ ಬೆಲೆ ಒಂದು ಹುಡುಗಿಯ ಓದು. ಯಾವ ಡಿಪೋದ ಲೆಕ್ಕದ ಪುಸ್ತಕದಲ್ಲಿ ಈ ನಷ್ಟ ಬರೆದಿದೆ?

ದಾರಿಗೂ ಗಾಡಿಗೂ ಜಾತಿ ಇಲ್ಲ ಅನ್ನುವವರು ಬಾಬಾಸಾಹೇಬರ ಬಾಳನ್ನು ಓದಲಿ. 1901ರಲ್ಲಿ ಬಾಲಕ ಅಂಬೇಡ್ಕರ್ ತಂದೆಯನ್ನು ನೋಡಲು ಹೊರಟು ಸತಾರಾ ಸೀಮೆಯ ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಮಹಾರರ ಮಕ್ಕಳೆಂದು ಗೊತ್ತಾದ ಮೇಲೆ ಗಾಡಿಯವರು ಒಬ್ಬರೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ದುಪ್ಪಟ್ಟು ಬಾಡಿಗೆಗೆ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂದು. 1929ರಲ್ಲಿ, ಬ್ಯಾರಿಸ್ಟರಾಗಿ ಹೆಸರು ಮಾಡಿದ ಮೇಲೂ, ಚಾಳೀಸಗಾಂವಿನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಲಿಲ್ಲ. ಅನುಭವವಿಲ್ಲದವನು ಟಾಂಗಾ ಹೊಡೆದು, ಗಾಡಿ ಅಪಘಾತವಾಗಿ, ಅಂಬೇಡ್ಕರರ ಕಾಲು ಮುರಿಯಿತು. ಇಂದು ನಮಗೆ ಹತ್ತಬೇಡ ಅನ್ನುವವರಿಲ್ಲ, ನಿಜ. ಕಾಸು ಕೊಟ್ಟರೂ ಕೊಡದಿದ್ದರೂ ಸೀಟು ಸಿಕ್ಕರೆ ಕೂರುತ್ತೇವೆ. ಆದರೆ ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ನಿರ್ಧರಿಸುವ ಬಾಯಿ ಈಗಲೂ ಕಟ್ಟೆಯ ಮೇಲೆಯೇ ಕೂತಿದೆ.

ಈಗ ಅಭ್ಯರ್ಥಿಯ ಮೊದಲ ಮಾತಿಗೆ ಬರೋಣ. ಬಸ್ಸು ತರ್ತೀನಿ ಅನ್ನುತ್ತಾನೆ. ಬಸ್ಸು ಪಂಚಾಯ್ತಿಯ ಕೈಯಲ್ಲಿಲ್ಲ. ಸರ್ಕಾರಿ ಬಸ್ಸಿನ ದಾರಿ, ವೇಳೆ, ನಿಲುಗಡೆ ತೀರ್ಮಾನವಾಗುವುದು ನಿಗಮದ ಡಿಪೋದಲ್ಲಿ, ವಿಭಾಗದ ಕಚೇರಿಯಲ್ಲಿ. ಖಾಸಗಿ ಬಸ್ಸಿಗೆ ಪರವಾನಗಿ ಕೊಡುವುದು ಸಾರಿಗೆ ಪ್ರಾಧಿಕಾರ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಯಲ್ಲಿ ಕೇಳೋಣವೆಂದರೆ 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಆಳಿದರು. ತನ್ನ ಕೈಯಲ್ಲಿ ಇಲ್ಲದ್ದನ್ನು ತರ್ತೀನಿ ಅನ್ನುವವನು, ಕೈಯಲ್ಲಿ ಇರುವುದರ ಬಗ್ಗೆ ಬಾಯಿ ಬಿಡುವುದಿಲ್ಲ.

ಅವನ ಕೈಯಲ್ಲಿ ಇರುವುದೇನು? ಬೀದಿದೀಪ ಇದೆ. ಊರೊಳಗಿನ ರಸ್ತೆ, ಮೋರಿ ಇದೆ. ಕೇರಿಯ ಹತ್ತಿರ ನಿಲುಗಡೆ ಬೇಕೆಂದು ಪಂಚಾಯ್ತಿಯಲ್ಲಿ ಠರಾವು ಮಾಡಿ ಡಿಪೋಗೆ ಕಳಿಸುವ ಅಧಿಕಾರ ಇದೆ. ಎಲ್ಲಕ್ಕಿಂತ ದೊಡ್ಡದು, ವಾರ್ಡು ಸಭೆ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ವಾರ್ಡಿನ ಮತದಾರರೆಲ್ಲ ಕೂಡಬೇಕು. ಆಮೇಲೆ ಗ್ರಾಮಸಭೆ. ನಮ್ಮೂರಲ್ಲಿ ವಾರ್ಡು ಸಭೆ ಪುಸ್ತಕದಲ್ಲಿ ನಡೆಯುತ್ತದೆ. ಆ ಪುಸ್ತಕ ಮನೆಮನೆಗೆ ಬರುತ್ತದೆ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತದೆ. ಏನು ಬರೆದಿದೆ ಅಂತ ಕೇಳಿದವರಿಲ್ಲ, ಓದಿ ಹೇಳಿದವರೂ ಇಲ್ಲ.

ಸಹಭಾಗಿತ್ವ ಅಂದರೆ ಇದು: ನಮ್ಮ ರಟ್ಟೆ ಅಲ್ಲ, ನಮ್ಮ ಬಾಯಿ. ಕಲ್ಲು ಹೊರುವ ಕೆಲಸಕ್ಕೆ ಕೂಲಿ ಕೊಡಲಿ, ಹೊರುತ್ತೇವೆ. ಆದರೆ ಕಲ್ಲು ಎಲ್ಲಿ ಇಡಬೇಕು ಅನ್ನುವ ಮಾತಿನಲ್ಲಿ ನಮಗೆ ಪಾಲು ಬೇಕು. ಬೆಳಿಗ್ಗೆ ಐದೂವರೆಗೆ ಲಗೇಜು ಆಟೋದಲ್ಲಿ ಕುರಿಗಳಂತೆ ನಿಂತು ಕೂಲಿಗೆ ಹೋಗುವ ಹೆಂಗಸರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಬೇಕೆಂದು ಗೊತ್ತು. ಸ್ವಂತ ಕಾರಿನಲ್ಲಿ ಓಡಾಡುವವನಿಗೆ ಅದು ಗೊತ್ತಿಲ್ಲ. ಗೊತ್ತಿಲ್ಲದವನು ಹೇಳುತ್ತಾನೆ, ಗೊತ್ತಿರುವವರು ಕೇಳಿಸಿಕೊಳ್ಳುತ್ತಾರೆ. ಇದು ಉಲ್ಟಾ ಆಗಬೇಕು.

ಒಂದು ಮಾತು ನಮ್ಮ ಹುಡುಗರಿಗೂ. ಆವತ್ತು ಕಟ್ಟೆ ನಕ್ಕಾಗ ಕೆಳಗೆ ನಿಂತಿದ್ದ ನಮ್ಮವರಲ್ಲೂ ಕೆಲವರು ನಕ್ಕರು. ಅವನ ಪೆಟ್ರೋಲಿನಲ್ಲಿ ಬೈಕು ಓಡಿಸುವವರು ನಗಲೇಬೇಕಲ್ಲ. ಡಿಗ್ರಿ ಇದ್ದ ನಾನೂ ಅಜ್ಜಿಯ ಪರ ಬಾಯಿ ತೆರೆಯಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಮನೆಗೆ ಬಂದು ಎರಡು ಪದ್ಯ ಬರೆದೆ, ಹರಿದು ಹಾಕಿದೆ. ಪದ್ಯಕ್ಕೆ ಬಸ್ಸು ನಿಲ್ಲುವುದಿಲ್ಲ.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ನಿಮ್ಮ ಊರಿನಲ್ಲಿ ಒಂದು ಕೆಲಸ ಮಾಡಿ. ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗುತ್ತಾರೆ, ಎಷ್ಟು ದೂರ ನಡೆಯುತ್ತಾರೆ ಎಂದು ಕೇರಿಯ ಹೆಂಗಸರನ್ನು ಕೇಳಿ ಬರೆದುಕೊಳ್ಳಿ. ವಾರ್ಡು ಸಭೆ ಕರೆಯಿರೆಂದು ಪಂಚಾಯ್ತಿಗೆ ಅರ್ಜಿ ಕೊಡಿ. ಆ ಪುಸ್ತಕವನ್ನು ಜೋರಾಗಿ ಓದಿಸಿ, ಓದದ ಪುಟಕ್ಕೆ ಹೆಬ್ಬೆಟ್ಟು ಬೇಡ. ಠರಾವಿನ ನಕಲು ಹಿಡಿದು ಡಿಪೋಗೆ ಹೋಗಿ, ಕೊಟ್ಟದ್ದಕ್ಕೆ ಸ್ವೀಕೃತಿ ತನ್ನಿ. ಓಟು ಕೇಳಲು ಬಂದವನನ್ನು ಮೊದಲು ಕೇರಿಯ ಮುಂದೆ ನಿಲ್ಲಿಸಿ ಕೇಳಿ: ಇಲ್ಲಿ ಬಸ್ಸು ನಿಲ್ಲಬೇಕು ಅಂತ ಬರೆದು ರುಜು ಹಾಕ್ತೀಯಾ? ಹಾಕದಿದ್ದರೆ ಅವನ ಕರಪತ್ರ ಅವನಿಗೇ ವಾಪಸ್ಸು ಕೊಡಿ.

ಇಷ್ಟಾದರೂ ಬಸ್ಸು ನಿಲ್ಲದೇ ಹೋದರೆ, ಕೆರೆ ಏರಿ ಇಳಿದ ಕೂಡಲೇ ರಸ್ತೆಯಲ್ಲಿ ನಾವೇ ನಿಲ್ಲುತ್ತೇವೆ. ಆ ದಿನ ಆ ಅಜ್ಜಿಯ ಪಕ್ಕದಲ್ಲಿ ನಾನಿರುತ್ತೇನೆ, ಬಾಯಿ ತೆರೆದುಕೊಂಡು.