ಸಹೋದ್ಯೋಗಿಯೇ ಗುರುವಾಗಲಿ

ಜೂನ್ ಮೊದಲ ವಾರ ಬಂತೆಂದರೆ ಮಲೆನಾಡಿನ ಶಾಲೆ, ಪಂಚಾಯಿತಿ, ಸಹಕಾರ ಸಂಘಗಳ ಅಂಗಳದಲ್ಲಿ ಸಸಿ ನೆಡುವ ಸಡಗರ. ಪರಿಸರ ದಿನದ ಭಾಷಣಗಳಲ್ಲಿ ‘ಹವಾಮಾನ ಬದಲಾವಣೆ’ ಎಂಬ ಮಾತು ತಪ್ಪದೇ ಕೇಳಿಬರುತ್ತದೆ. ಮರುದಿನ ಬೆಳಿಗ್ಗೆ ಅದೇ ಕಚೇರಿಗಳ ಬಾಗಿಲು ತೆರೆದಾಗ ಆ ಮಾತು ಅಂಗಳದಲ್ಲಿಯೇ ಉಳಿದಿರುತ್ತದೆ. ಒಳಗೆ ಎಂದಿನ ಕಡತ, ಎಂದಿನ ಕೆಲಸ.

ವಾಸ್ತವದಲ್ಲಿ ಹವಾಮಾನವು ಆ ಕಡತಗಳೊಳಗೆ ಎಂದೋ ಪ್ರವೇಶಿಸಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಬಿಡುವು ಕೊಡದ ಮಳೆಯ ಲೆಕ್ಕ ಸಹಕಾರ ಸಂಘದ ಮೈಲುತುತ್ತದ ಮಾರಾಟ ಪುಸ್ತಕದಲ್ಲಿದೆ. ಮಳೆಯ ರಜೆಗಳ ಲೆಕ್ಕ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿದ ಲೆಕ್ಕ ಪಂಚಾಯಿತಿಯಲ್ಲಿದೆ. ಗಾಳಿಗೆ ಮುರಿದ ಕಂಬಗಳ ಲೆಕ್ಕ ವಿದ್ಯುತ್ ಕಚೇರಿಯಲ್ಲಿದೆ. ಒಬ್ಬೊಬ್ಬರ ಮೇಜಿನ ಮೇಲೂ ಒಂದೊಂದು ತುಣುಕು ಇದೆ. ಅವುಗಳನ್ನು ಜೋಡಿಸಿ ಓದುವ, ಓದಿದ್ದರಿಂದ ಕೆಲಸದ ರೀತಿಯನ್ನು ತಿದ್ದಿಕೊಳ್ಳುವ ಪರಿಪಾಠ ಮಾತ್ರ ಇನ್ನೂ ಬೆಳೆದಿಲ್ಲ.

ಇದಕ್ಕೆ ತರಬೇತಿಗಳ ಕೊರತೆಯೇ ಕಾರಣವೆನ್ನಲಾಗದು. ತರಬೇತಿಗಳ ಸ್ವರೂಪವೇ ಕಾರಣ. ಪಟ್ಟಣದ ಸಭಾಂಗಣದಲ್ಲಿ ತಜ್ಞರೊಬ್ಬರು ಪರದೆಯ ಮೇಲೆ ಹಿಮಕರಡಿಯ ಚಿತ್ರ ತೋರಿಸುತ್ತಾರೆ, ಏರುವ ಗೆರೆಯೊಂದನ್ನು ವಿವರಿಸುತ್ತಾರೆ. ಊಟವಾಗುತ್ತದೆ, ಪ್ರಮಾಣಪತ್ರ ಕೈಸೇರುತ್ತದೆ. ಕರಗುವ ಹಿಮಕ್ಕೂ ತನ್ನ ಕಡತಕ್ಕೂ ಏನು ಸಂಬಂಧವೆಂದು ಗುಮಾಸ್ತರು ಕೇಳುವುದಿಲ್ಲ. ಕೇಳಿದರೂ ಉತ್ತರಿಸಲು ತಜ್ಞರು ಆ ಕಡತವನ್ನು ಕಂಡವರಲ್ಲ.

ಈ ಸಮಸ್ಯೆಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರ ಕಂಡುಕೊಂಡ ಪರಿಹಾರ ಗಮನಾರ್ಹವಾಗಿದೆ. ಕಲ್ಲಿದ್ದಲು ಉರಿಸಿ ಹತ್ತಿಗಿರಣಿಗಳನ್ನು ನಡೆಸಿದ, ಕೈಗಾರಿಕಾ ಕ್ರಾಂತಿಯ ತೊಟ್ಟಿಲೆನಿಸಿದ ನಗರವದು. 2009ರಲ್ಲಿ ಆ ನಗರ ತನ್ನ ಹವಾಮಾನ ಕ್ರಿಯಾಯೋಜನೆಯನ್ನು ರೂಪಿಸಿದಾಗ, ಅಲ್ಲಿ ವಾಸಿಸುವ, ದುಡಿಯುವ, ಓದುವ ಪ್ರತಿಯೊಬ್ಬರಿಗೂ ಒಂದು ದಿನದ ಹವಾಮಾನ ಶಿಕ್ಷಣ ದೊರೆಯಬೇಕೆಂಬ ಆಶಯ ಮೂಡಿತು. ಅದರಿಂದ ಹುಟ್ಟಿದ್ದೇ ‘ಕಾರ್ಬನ್ ಲಿಟರಸಿ’, ಅರ್ಥಾತ್ ಇಂಗಾಲ ಸಾಕ್ಷರತೆಯ ಯೋಜನೆ. ನಗರಸಭೆಯ ಸಿಬ್ಬಂದಿ, ವಸತಿ ಸಂಸ್ಥೆಗಳ ನೌಕರರು, ವಸ್ತುಸಂಗ್ರಹಾಲಯದವರು, ಕಿರುತೆರೆಯ ಧಾರಾವಾಹಿ ತಯಾರಿಸುವವರು, ಹೀಗೆ ಬಗೆಬಗೆಯ ಉದ್ಯೋಗಿಗಳು ತಮ್ಮತಮ್ಮ ಕೆಲಸದ ಸ್ಥಳದಲ್ಲಿಯೇ ಈ ಪಾಠ ಕಲಿತರು. ಇಂದು ಇಂಥ ಕಲಿಕೆ ಪೂರೈಸಿದವರ ಸಂಖ್ಯೆ ಲಕ್ಷವನ್ನು ಮೀರಿದೆ.

ಈ ಯೋಜನೆಯ ಎರಡು ನಿಯಮಗಳು ಗಮನಿಸತಕ್ಕವು. ಮೊದಲನೆಯದು, ಸಾಧ್ಯವಾದಲ್ಲೆಲ್ಲ ಸಮಾನರೇ ಸಮಾನರಿಗೆ ಕಲಿಸಬೇಕು. ಎರಡನೆಯದು, ಕಲಿತವರು ಎರಡು ಸಂಕಲ್ಪಗಳನ್ನು ಬರೆದುಕೊಡಬೇಕು: ಒಂದು ತಾನೊಬ್ಬನೇ ಮಾಡುವ ಕಾರ್ಯ, ಇನ್ನೊಂದು ಇತರರನ್ನು ಕೂಡಿಸಿಕೊಂಡು ಮಾಡುವ ಕಾರ್ಯ. ಸಂಕಲ್ಪವಿಲ್ಲದೆ ಪ್ರಮಾಣಪತ್ರವಿಲ್ಲ. ಫ್ರಾನ್ಸಿನಲ್ಲಿ 2015ರಲ್ಲಿ ರೂಪುಗೊಂಡ ಇನ್ನೊಂದು ಮಾದರಿ ಮತ್ತಷ್ಟು ಸರಳ. ಅಂತರಸರ್ಕಾರಿ ಹವಾಮಾನ ಸಮಿತಿಯ ವರದಿಗಳನ್ನು ಆಧರಿಸಿದ 42 ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಯಾವುದು ಕಾರಣ, ಯಾವುದು ಪರಿಣಾಮ ಎಂದು ಸಣ್ಣ ಗುಂಪೊಂದು ಚರ್ಚಿಸಿ ಜೋಡಿಸುತ್ತದೆ. ಮೂರು ಗಂಟೆಗಳ ಕೆಲಸ. ಅಲ್ಲಿ ಉಪನ್ಯಾಸಕರಿಲ್ಲ, ಚರ್ಚೆಯನ್ನು ನಡೆಸಿಕೊಡುವವರು ಮಾತ್ರ ಇರುತ್ತಾರೆ. ಇಂದು ಆಡಿದವರು ಅಲ್ಪಾವಧಿಯ ತರಬೇತಿ ಪಡೆದು ನಾಳೆ ಇತರರಿಗೆ ಆಡಿಸಬಹುದು.

ಈ ಕ್ರಮ ಭಾರತಕ್ಕೆ ಹೊಸತೇನೂ ಅಲ್ಲ. ನೆರೆಯ ಕೇರಳದ ಎರ್ನಾಕುಲಂ 1990ರಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿದ್ದು ಸರ್ಕಾರಿ ಶಿಕ್ಷಕರಿಂದಲೇ ಅಲ್ಲ, ಅಕ್ಷರ ಬಲ್ಲ ಸಾವಿರಾರು ಸ್ವಯಂಸೇವಕರು ಬಾರದವರ ಮನೆಬಾಗಿಲಿಗೆ ಹೋದುದರಿಂದ. ಮೇಲಧಿಕಾರಿಯ ಮುಂದೆ ‘ತಿಳಿಯಲಿಲ್ಲ’ ಎನ್ನಲು ಸಂಕೋಚಪಡುವ ಮನುಷ್ಯ, ಪಕ್ಕದ ಕುರ್ಚಿಯವನ ಮುಂದೆ ಹಾಗೆನ್ನಲು ಹಿಂಜರಿಯುವುದಿಲ್ಲ. ಕಲಿಕೆ ಆರಂಭವಾಗುವುದೂ ಆ ಮಾತಿನಿಂದಲೇ.

ಹಾಗಾದರೆ ಕಲಿಸಬೇಕಾದುದೇನು? ಪಾಠ ದೊಡ್ಡದಿರಬೇಕಿಲ್ಲ. ಕೈಗಾರಿಕೆಗಳ ಪೂರ್ವದಲ್ಲಿ ವಾಯುಮಂಡಲದ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈ ಆಕ್ಸೈಡ್ ಈಗ 420ನ್ನು ದಾಟಿದೆ. ಕಲ್ಲಿದ್ದಲು, ತೈಲ, ಅನಿಲಗಳ ದಹನ ಮತ್ತು ಅರಣ್ಯನಾಶ ಇದರ ಮುಖ್ಯ ಕಾರಣಗಳು. 2011ರಿಂದ 2020ರ ದಶಕದ ಸರಾಸರಿ ಉಷ್ಣತೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಒಂದು ಡಿಗ್ರಿ ಬಿಸಿಯೇರಿದ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆದ್ದರಿಂದಲೇ ಸುರಿಯುವಾಗ ಮಳೆ ಒಮ್ಮೆಲೇ ಸುರಿಯುತ್ತದೆ. ಮಧ್ಯಭಾರತದಲ್ಲಿ 1950ರಿಂದ 2015ರ ನಡುವೆ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆಯೆಂದು ಪುಣೆಯ ಹವಾಮಾನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಇಷ್ಟನ್ನು ಸರಿಯಾಗಿ ಅರಿತವರಿಗೆ ಉಳಿದುದನ್ನು ಸ್ವಂತ ಅನುಭವವೇ ಕಲಿಸುತ್ತದೆ.

ಆದರೆ ಇಲ್ಲಿಯೇ ಒಂದು ಅಪಾಯವೂ ಇದೆ. ಅರೆಬರೆ ಕಲಿತ ಪಾಠ ನೆಪವಾಗಿ ಪರಿಣಮಿಸುತ್ತದೆ. ಗುಡ್ಡ ಕುಸಿದರೆ ಹವಾಮಾನ ಬದಲಾವಣೆ, ತೋಟಕ್ಕೆ ರೋಗ ಬಂದರೆ ಹವಾಮಾನ ಬದಲಾವಣೆ, ಬಾವಿ ಬತ್ತಿದರೂ ಅದೇ ಎಂಬ ಉತ್ತರ ಸಿದ್ಧವಾಗುತ್ತದೆ. ಆಕಾಶದ ಮೇಲೆ ಹೊರೆ ಹೊರಿಸಿದರೆ ಭೂಮಿಯ ಮೇಲೆ ಯಾರೂ ಹೊಣೆಗಾರರಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಮಳೆ ಭಾರಿಯಾಗಿತ್ತು, ನಿಜ; ಹೆದ್ದಾರಿಯ ಅಗಲೀಕರಣಕ್ಕಾಗಿ ಆ ಗುಡ್ಡದ ಬುಡ ಕತ್ತರಿಸಲಾಗಿತ್ತು ಎಂಬುದೂ ನಿಜ. ಎರಡು ವಾರಗಳ ಬಳಿಕ, ಜುಲೈ 30ರಂದು, ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಆ ದಿನದ ಮಳೆಯನ್ನು ಭೂತಾಪವು ಸುಮಾರು ಶೇಕಡಾ 10ರಷ್ಟು ಹೆಚ್ಚಿಸಿತ್ತೆಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಅಂದಾಜಿಸಿತು. ಆ ಹತ್ತು ಪಾಲಿನ ಪಾಠವೆಂದರೆ, ಮಳೆ ಹೆಚ್ಚುವ ಕಾಲದಲ್ಲಿ ಕಡಿದಾದ ಇಳಿಜಾರನ್ನು ಮುಟ್ಟುವ ಕೈ ಮೊದಲಿಗಿಂತ ಹೆಚ್ಚು ಎಚ್ಚರವಾಗಿರಬೇಕು ಎಂಬುದು. ಮಾಧವ ಗಾಡ್ಗೀಳರ ನೇತೃತ್ವದ ಸಮಿತಿ ಪಶ್ಚಿಮಘಟ್ಟದ ಸೂಕ್ಷ್ಮತೆಯನ್ನು ಕುರಿತು 2011ರಲ್ಲಿಯೇ ಎಚ್ಚರಿಸಿತ್ತು. ಮೇಲಿನಿಂದ ಬಂದದ್ದೆಷ್ಟು, ಕೈಯಿಂದ ಆದದ್ದೆಷ್ಟು ಎಂದು ಬೇರ್ಪಡಿಸಿ ನೋಡಲು ಕಲಿಸದ ಕಾರ್ಯಾಗಾರ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು.

ಮಲೆನಾಡಿನಲ್ಲಿ ಇಂಥ ಕಾರ್ಯಾಗಾರಕ್ಕೆ ಸಭಾಂಗಣ ಬೇಡ. ತಿಂಗಳ ಸಭೆಯ ದಿನ ಎರಡು ಗಂಟೆ ಹೆಚ್ಚು ಕುಳಿತರೆ ಸಾಕು. ಮೊದಲ ಗಂಟೆಯಲ್ಲಿ ಪ್ರತಿಯೊಬ್ಬರೂ ತಮ್ಮ ಕಡತದಿಂದ ಹತ್ತು ವರ್ಷಗಳ ಒಂದೇ ಒಂದು ಲೆಕ್ಕವನ್ನು ತಂದು ಮುಂದಿಡಲಿ: ಮಳೆಯಿಂದಾದ ರಜೆ, ಟ್ಯಾಂಕರಿನ ಸುತ್ತು, ಮೈಲುತುತ್ತದ ಮಾರಾಟ. ಅವುಗಳನ್ನು ಊರಿನ ಮಳೆಮಾಪಕದ ಅಂಕಿಗಳೊಡನೆ ಹೋಲಿಸಲಿ. ಒಂದು ಎಕರೆಯ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರು ಬಿದ್ದಂತೆ ಎಂಬ ಲೆಕ್ಕವನ್ನು ಶಾಲೆಯ ಮಕ್ಕಳೇ ಬಿಡಿಸಿಯಾರು. ಆ ನೀರು ಯಾವ ಚರಂಡಿಯಿಂದ ಹರಿದುಹೋಗಬೇಕು, ಆ ಚರಂಡಿ ಈಗ ಎಲ್ಲಿದೆ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಎರಡನೆಯ ಗಂಟೆ ಸಂಕಲ್ಪಕ್ಕೆ ಮೀಸಲಾಗಲಿ. ಅದು ಆ ಕಚೇರಿಯ ಕೈಯಳತೆಯದ್ದಾಗಿರಲಿ. ಸಹಕಾರ ಸಂಘ ಮೈಲುತುತ್ತ ಮತ್ತು ಸುಣ್ಣವನ್ನು ಮುಂಗಾರಿಗೆ ಮುನ್ನವೇ ತರಿಸಿಟ್ಟು, ಬಿಸಿಲು ಬಿಟ್ಟ ಎರಡು ದಿನಗಳನ್ನೂ ರೈತರು ಕಳೆದುಕೊಳ್ಳದಂತೆ ನೋಡಿಕೊಳ್ಳಬಹುದು. ಪಂಚಾಯಿತಿ ಮಣ್ಣು ತೆಗೆಯುವ ಯಂತ್ರವನ್ನು ಇಳಿಜಾರಿಗೆ ಬಿಡುವ ಮುನ್ನ ಅಬ್ಬಿ, ಹಳ್ಳಗಳ ದಾರಿಯನ್ನು ನಕ್ಷೆಯಲ್ಲಿ ಗುರುತಿಸಬಹುದು. ಶಾಲೆ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಹಲಗೆಯ ಮೇಲೆ ಬರೆಯಬಹುದು. ಅಡಿಕೆ, ಕಾಳುಮೆಣಸಿನ ಹವಾಮಾನಾಧಾರಿತ ವಿಮೆಯ ಪರಿಹಾರ ನಿರ್ಧಾರವಾಗುವುದು ಇಂಥ ದಾಖಲೆಗಳ ಮೇಲೆಯೇ. ಊರಿಗೆ ಸ್ವಂತ ಲೆಕ್ಕವಿದ್ದರೆ ಯಂತ್ರ ತಪ್ಪಿದಾಗ ಕೇಳಲು ಬಾಯಿ ಇರುತ್ತದೆ.

ಇದರಿಂದ ಭೂಗೋಳ ತಣ್ಣಗಾದೀತೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಭಾರತೀಯನೊಬ್ಬ ಸರಾಸರಿಯಲ್ಲಿ ಹೊರಸೂಸುವ ಇಂಗಾಲದ ಡೈ ಆಕ್ಸೈಡ್ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ಮಲೆನಾಡಿನ ಹಳ್ಳಿಗನ ಪಾಲು ಅದಕ್ಕಿಂತಲೂ ಕಡಿಮೆಯೇ ಇದ್ದೀತು. ತಪ್ಪಿತಸ್ಥನ ಭಾವವನ್ನು ಅವನ ಹೆಗಲಿಗೆ ಹೊರಿಸುವುದು ಅನ್ಯಾಯ. ಆದರೆ ಪರಿಣಾಮ ಮೊದಲು ತಟ್ಟುವುದು ಅವನ ಹಿತ್ತಿಲ ಗುಡ್ಡಕ್ಕೆ, ಅವನ ತೋಟಕ್ಕೆ. ಆದ್ದರಿಂದ ಈ ಕಲಿಕೆ ಪ್ರಾಯಶ್ಚಿತ್ತಕ್ಕಾಗಿ ಅಲ್ಲ, ಆತ್ಮರಕ್ಷಣೆಗಾಗಿ. ಹೆಚ್ಚು ಹೊಗೆಯುಗುಳುವವರನ್ನು ಪ್ರಶ್ನಿಸುವ ಅರ್ಹತೆಗಾಗಿ.

ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲಿದೆ. ಇಂದು ಮಳೆಮಾಪಕ ಓದುವ ಮಕ್ಕಳೇ ನಾಳೆ ಕಾರ್ಯದರ್ಶಿ, ಎಂಜಿನಿಯರ್, ಅರಣ್ಯ ರಕ್ಷಕರಾಗಿ ಇದೇ ಕುರ್ಚಿಗಳಲ್ಲಿ ಕೂರುವವರು. ಮುಂದಿನ ಜೂನ್ 5ರಂದು ಸಸಿ ನೆಡುವ ಪ್ರತಿಯೊಂದು ಕಚೇರಿಯೂ ಸಸಿಗೆ ನೀರೆರೆದ ಮೇಲೆ ಒಳಬಂದು, ಬಾಗಿಲು ಮುಚ್ಚಿ, ತನ್ನ ಕಡತಗಳನ್ನು ತೆರೆದು ಎರಡು ಗಂಟೆ ಕೂರಲಿ. ಮಾತು ಆರಂಭಿಸಲು ಅತಿಥಿಗಳನ್ನು ಕಾಯುವುದು ಬೇಡ. ಅಲ್ಲಿರುವವರಲ್ಲೇ ಒಬ್ಬರು ಎದ್ದುನಿಂತರೆ ಸಾಕು.