ಹಳೇ ಕಾರು, ಯಾರ ಹೆಸರಲೆ?

ಅಕ್ಕಾರ, ವೈನಿಯವರ, ಹೊಸಾ ಸಣ್ಣ ಕಾರಿನ ರೊಕ್ಕದಾಗ ಹಳೇ ಸಿಯಾಜ್ ಇಲ್ಲಾ ಹೋಂಡಾ ಸಿಟಿಯಂಥಾ ಸೆಡಾನ್ ಸಿಗತದಂದ್ರ ತಗೊಳ್ಳೂದು ಶಾಣ್ಯಾತನ ಅಂತೀನಿ ನಾ. ಸಿಯಾಜ್ ಡಿಕ್ಕಿ 510 ಲೀಟರ್. ಮದುವಿಗೆ ಹೊಂಟ್ರ ಬ್ಯಾಗು, ಬುಟ್ಟಿ ಎಲ್ಲಾ ಹಿಡೀತಾವ. ಹಿಂದ ಕುಂತ ಹಿರ್ಯಾರಿಗೆ ಕಾಲು ಚಾಚಲಿಕ್ಕೂ ಜಾಗಾ ಇರ್ತದ.

ಆದ್ರ ನಮ್ಮ ಮಂದಿ ಬಣ್ಣ ನೋಡ್ತಾರ, ಕಿಲೋಮೀಟರ್ ಕೇಳ್ತಾರ, ಆರ್‌ಸಿ ವಿಚಾರ ಮಾಡೂದಿಲ್ಲ. ಕೀಲಿ ಕೈಗೆ ಬಂದ್ರ ಕಾರು ನಮ್ಮದಾಗೂದಿಲ್ರಿ. ಫಾರ್ಮ್ 29, 30 ತುಂಬಿ ಆರ್‌ಟಿಒದಾಗ ಹೆಸರು ಬದಲಾಗಬೇಕು. ಕಾರಿನ ಮ್ಯಾಲೆ ಹಳೇ ಮಾಲಕರ ಸಾಲ ಇತ್ತಂದ್ರ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಬೇಕು. ಇನ್ಶೂರೆನ್ಸ್ ನಮ್ಮ ಹೆಸರಿಗೆ ಮಾಡಿಸ್ಲಿಕ್ಕೆ 14 ದಿನದಾಗ ಅರ್ಜಿ ಹಾಕಬೇಕು. ಇಲ್ಲಂದ್ರ ನಾಳೆ ಕಾರು ಎಲ್ಲ್ಯರೆ ಬಡದ್ರ ರಿಪೇರಿ ರೊಕ್ಕಾ ಕೈಗೆ ಬರೂದು ಕಷ್ಟ.

ಇನ್ನೊಂದು ಮಾತು. ಇಂಥಾ ಕಾರಿನ ಸಲುವಾಗಿ ಎಷ್ಟೋ ಮನ್ಯಾಗ ಒತ್ತಿ ಬೀಳೂದು ನಮ್ಮ ಪಾಟಲಿ, ಬಿಲ್ವಾರ. ಹಂಗಿದ್ದಾಗ ಆರ್‌ಸಿನೂ ನಮ್ಮ ಹೆಸರಲೆನ ಆಗ್ಲಿ. "ನಿಮಗ ಕಾರು ಹೊಡೀಲಿಕ್ಕೆ ಎಲ್ಲಿ ಬರ್ತದ?" ಅಂತಾರ. ಹೊಲಾ ಇದ್ದವರೆಲ್ಲಾ ನೇಗಿಲಾ ಹೊಡೀತಾರೇನ್ರಿ?