ಸದ್ದಿನ ಲೋಕದ ಟ್ರಂಕಣ್ಣ

ಮಕ್ಕಳೇ, ಟ್ರಂಕು ಎಂದರೆ ನಿಮಗೆ ಏನು ನೆನಪಾಗುತ್ತದೆ? ಏನೂ ನೆನಪಾಗದಿದ್ದರೆ ಪಕ್ಕದಲ್ಲಿ ಕೂತಿರುವ ಅಜ್ಜಿಯನ್ನು ಕೇಳಿ. ತಗಡಿನ ಪೆಟ್ಟಿಗೆ, ಅದರ ಮುಚ್ಚಳದ ಮೇಲೆ ಹೂವಿನ ಚಿತ್ರ, ಒಳಗೆ ನುಸಿಗುಳಿಗೆಯ ವಾಸನೆ, ಮದುವೆಯ ಸೀರೆ, ಹಳೆಯ ಕಾಗದಪತ್ರ ಎಂದು ಸಾಲಾಗಿ ಹೇಳುತ್ತಾರೆ. ಈ ವಾರ ನಾವು ಪರಿಚಯ ಮಾಡಿಕೊಳ್ಳುವವರ ಹೆಸರಿನಲ್ಲೇ ಟ್ರಂಕ್ ಇದೆ. ಅವರೇ ಎಡ್ಡಿ ಟ್ರಂಕ್. ಹುಟ್ಟಿದ್ದು 1964ರಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದವರು. ಅವರ ಟ್ರಂಕಿನೊಳಗೆ ಸೀರೆ, ಕಾಗದ ಯಾವುದೂ ಇಲ್ಲ. ಇರುವುದೆಲ್ಲ ಹೆವಿ ಮೆಟಲ್ ಸಂಗೀತದ ನೆನಪು.

ತಾತಂದಿರೇ, ‘ಅಯ್ಯೋ, ಕಿವಿ ಕಿತ್ತುಹೋಗುವ ಆ ಗದ್ದಲವೇ?’ ಎಂದು ಪುಟ ತಿರುಗಿಸಬೇಡಿ. ಆ ಗದ್ದಲ ಹುಟ್ಟಿದ ಕಥೆಯನ್ನು ಸ್ವಲ್ಪ ಕೇಳಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಒಂದು ದಿನ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ತುಂಡಾದವು. ಅವನು ಎಡಚ. ಗಿಟಾರಿನ ತಂತಿ ಒತ್ತಲು ಬೇಕಾದದ್ದು ಅದೇ ಬಲಗೈ. ಹುಡುಗ ಅತ್ತು ಸುಮ್ಮನಾಗಲಿಲ್ಲ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ. ಮುಂದೆ ತಂತಿಗಳನ್ನು ಸಡಿಲಿಸಿಯೂ ನುಡಿಸತೊಡಗಿದ. ಸ್ವರ ಕೆಳಗಿಳಿದು ಭಾರವಾಯಿತು. ಅವನ ತಂಡ ‘ಬ್ಲ್ಯಾಕ್ ಸಬಾತ್’ 1970ರಲ್ಲಿ ಮೊದಲ ಆಲ್ಬಂ ತಂದಿತು. ಹೆವಿ ಮೆಟಲ್ ಇಲ್ಲಿಂದಲೇ ಶುರುವಾಯಿತು ಎನ್ನುವವರು ಬಹಳ ಮಂದಿ.

ಈಗ ನಮ್ಮ ಟ್ರಂಕಣ್ಣನ ವಿಷಯಕ್ಕೆ ಬರೋಣ. ಹುಡುಗನಾಗಿದ್ದಾಗ ಅವರಿಗೆ ‘ಕಿಸ್’ ಎಂಬ ತಂಡವೆಂದರೆ ಪ್ರಾಣ. ಆ ತಂಡದ ನಾಲ್ವರೂ ಮುಖಕ್ಕೆ ಬಣ್ಣ ಬಳಿದುಕೊಂಡು ರಂಗಕ್ಕೆ ಬರುತ್ತಿದ್ದರು. ಒಬ್ಬರದು ಬೆಕ್ಕಿನ ವೇಷ, ಇನ್ನೊಬ್ಬರದು ಆಕಾಶದಿಂದ ಇಳಿದವನ ವೇಷ. ಯಕ್ಷಗಾನದ ಚೌಕಿಯಲ್ಲಿ ಕೂತು ವೇಷ ಕಟ್ಟುವುದನ್ನು ನೋಡಿದ ಮಕ್ಕಳಿಗೆ ಆ ಆಕರ್ಷಣೆ ಎಂಥದ್ದೆಂದು ಬೇರೆ ಹೇಳಬೇಕಿಲ್ಲ.

ಕೆಲವರು ಹಾಡು ಕೇಳಿ ಗಾಯಕರಾಗುತ್ತಾರೆ, ಕೆಲವರು ವಾದ್ಯ ಹಿಡಿಯುತ್ತಾರೆ. ಎಡ್ಡಿ ಟ್ರಂಕ್ ಹಿಡಿದದ್ದು ಮೈಕು. 1983ರಲ್ಲಿ ನ್ಯೂಜೆರ್ಸಿಯ ಒಂದು ರೇಡಿಯೊ ನಿಲಯದಲ್ಲಿ ಹೆವಿ ಮೆಟಲ್ಲಿಗೇ ಮೀಸಲಾದ ಕಾರ್ಯಕ್ರಮ ಆರಂಭಿಸಿದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬೇರೆ ನಿಲಯಗಳು ಈ ಸಂಗೀತವನ್ನು ಹಾಕಲು ಹಿಂಜರಿಯುತ್ತಿದ್ದ ಕಾಲ ಅದು. ಬಳಿಕ ಮೆಗಾಫೋರ್ಸ್ ಎಂಬ ಧ್ವನಿಮುದ್ರಣ ಕಂಪನಿ ಸೇರಿದರು. ಮೆಟಾಲಿಕಾ ತಂಡದ ಮೊದಲ ಆಲ್ಬಂ ಹೊರತಂದ ಕಂಪನಿ ಅದು. 25ನೇ ವಯಸ್ಸಿಗೆ ಅಲ್ಲಿ ಉಪಾಧ್ಯಕ್ಷರಾದರು. ಅವರು ಕಂಪನಿಗೆ ಕರೆತಂದ ಮೊದಲ ಕಲಾವಿದ ಯಾರು ಗೊತ್ತೇ? ಕಿಸ್ ತಂಡ ಬಿಟ್ಟು ಬಂದಿದ್ದ ಏಸ್ ಫ್ರೇಲಿ, ಅದೇ ಆಕಾಶದ ವೇಷದವರು!

ಆದರೂ ಅವರನ್ನು ಮನೆಮನೆಗೆ ಪರಿಚಯಿಸಿದ್ದು ಟಿವಿ. ನವೆಂಬರ್ 2008ರಲ್ಲಿ ವಿಎಚ್1 ಕ್ಲಾಸಿಕ್ ವಾಹಿನಿಯಲ್ಲಿ ‘ದಟ್ ಮೆಟಲ್ ಶೋ’ ಆರಂಭವಾಯಿತು. ಡಾನ್ ಜೇಮಿಸನ್, ಜಿಮ್ ಫ್ಲೊರೆಂಟೈನ್ ಎಂಬ ಇಬ್ಬರು ಹಾಸ್ಯಗಾರರು ಅವರ ಜೊತೆಗಾರರು. ಹಾಡಿನ ವಿಡಿಯೊ ತೋರಿಸುವುದಕ್ಕಿಂತ ಹೆಚ್ಚಾಗಿ ಅಲ್ಲಿ ನಡೆಯುತ್ತಿದ್ದುದು ಹರಟೆ. ಅರಳಿಕಟ್ಟೆಯ ಹರಟೆಯ ಹಾಗೆ! ಈ ಆಲ್ಬಂ ಮೇಲೋ ಆ ಆಲ್ಬಂ ಮೇಲೋ, ಒಳ್ಳೆಯ ಐದು ಗಿಟಾರ್ ವಾದಕರು ಯಾರು ಎಂದು ಜಗಳ. ನಡುನಡುವೆ ಅತಿಥಿಗಳಾಗಿ ಬರುವ ಹಿರಿಯ ಸಂಗೀತಗಾರರ ಅನುಭವದ ಮಾತು.

ಕಾರ್ಯಕ್ರಮದಲ್ಲಿ ಜನ ಕಾಯುತ್ತಿದ್ದ ಒಂದು ಆಟವಿತ್ತು: ‘ಟ್ರಂಕನ್ನು ಸೋಲಿಸಿ’. ಸಭಿಕರಲ್ಲಿ ಯಾರಾದರೂ ಎದ್ದು ನಿಂತು ಪ್ರಶ್ನೆ ಕೇಳಬಹುದು. ಯಾವ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದವರು ಯಾರು, ಯಾವ ತಂಡದ ಹಳೆಯ ಹೆಸರೇನು, ಇಂಥವು. ಟ್ರಂಕ್ ಥಟ್ಟನೆ ಉತ್ತರಿಸಿದರೆ ಚಪ್ಪಾಳೆ. ಉತ್ತರ ಹೊಳೆಯದಿದ್ದರೆ ಇನ್ನೂ ದೊಡ್ಡ ಚಪ್ಪಾಳೆ! ಕೇಳಿದವರಿಗೆ ‘ಗುಜರಿ ಪೆಟ್ಟಿಗೆ’ಯಿಂದ ಒಂದು ಬಹುಮಾನ. ಗೆದ್ದ ವಸ್ತುವಿನ ಬೆಲೆ ದೊಡ್ಡದಲ್ಲ, ಗೆದ್ದ ಖುಷಿ ದೊಡ್ಡದು. ಎಲ್ಲ ಬಲ್ಲವನೆಂದು ಹೆಸರಾದವರು ತಮ್ಮದೇ ಕಾರ್ಯಕ್ರಮದಲ್ಲಿ, ಎಲ್ಲರ ಎದುರಿಗೆ ಸೋಲಲು ಸಿದ್ಧರಾಗಿ ಕೂರುತ್ತಿದ್ದರು. ಇದು ಸುಲಭದ ಮಾತೇ? ತರಗತಿಯಲ್ಲಿ ಉತ್ತರ ಗೊತ್ತಿಲ್ಲದಾಗ ಬೆಂಚಿನ ಕೆಳಗೆ ತಲೆ ಬಗ್ಗಿಸುವ ನಮಗೆಲ್ಲ ಅದರ ಕಷ್ಟ ಗೊತ್ತು.

ಅದಕ್ಕಿಂತ ಕಷ್ಟದ ಪರೀಕ್ಷೆಯೂ ಅವರಿಗೆ ಎದುರಾಯಿತು. ಕಿಸ್ ತಂಡದಿಂದ ಇಬ್ಬರು ಹಳಬರು ಹೊರಹೋದ ಮೇಲೆ ಅವರ ಜಾಗಕ್ಕೆ ಬಂದ ಹೊಸಬರು ಅದೇ ಬೆಕ್ಕಿನ ವೇಷ, ಅದೇ ಆಕಾಶದ ವೇಷ ಹಾಕಿಕೊಂಡರು. ನಮ್ಮ ಯಕ್ಷಗಾನದಲ್ಲಿ ವೇಷ ಪಾತ್ರಕ್ಕೆ ಸೇರಿದ್ದು, ಯಾರು ಕಟ್ಟಿದರೂ ಸರಿ. ಕಿಸ್ ತಂಡದಲ್ಲಿ ಹಾಗಲ್ಲ, ಆ ವೇಷಗಳು ಆ ಇಬ್ಬರ ಗುರುತೇ ಆಗಿದ್ದವು. ಇದು ಸರಿಯಲ್ಲ ಎಂದು ಟ್ರಂಕ್ ಬಹಿರಂಗವಾಗಿ ಹೇಳಿದರು. ಬಾಲ್ಯದಿಂದ ಆರಾಧಿಸಿದ ತಂಡದ ಮುಖಂಡರೊಡನೆ ಸಂಬಂಧ ಹಳಸಿತು.

ಮುಂದಿನ ಸಂಗತಿ ಗಮನಿಸಿ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಎಂಬ ಗೌರವ ಭವನವಿದೆ. ಮೊದಲ ಧ್ವನಿಮುದ್ರಿಕೆ ಬಂದು 25 ವರ್ಷ ಕಳೆದವರು ಅಲ್ಲಿಗೆ ಅರ್ಹರು. ಆದರೆ ಗಟ್ಟಿ ಸದ್ದಿನ ತಂಡಗಳನ್ನು ಆ ಭವನ ವರ್ಷಗಟ್ಟಲೆ ಹೊರಗೇ ನಿಲ್ಲಿಸಿತು. ಇದು ಅನ್ಯಾಯ ಎಂದು ಬೇಸರವಿಲ್ಲದೆ ಹೇಳುತ್ತ ಬಂದವರಲ್ಲಿ ಟ್ರಂಕ್ ಒಬ್ಬರು. ಅವರ ಪಟ್ಟಿಯಲ್ಲಿ ಕಿಸ್ ಹೆಸರೂ ಇತ್ತು! ಮುನಿಸು ಬೇರೆ, ನ್ಯಾಯ ಬೇರೆ. 2013ರಲ್ಲಿ ‘ರಶ್’ ತಂಡಕ್ಕೆ ಬಾಗಿಲು ತೆರೆಯಿತು, 2014ರಲ್ಲಿ ಕಿಸ್‌ಗೆ, 2016ರಲ್ಲಿ ‘ಡೀಪ್ ಪರ್ಪಲ್’ಗೆ. ಡೀಪ್ ಪರ್ಪಲ್ ತಂಡದ ಮೊದಲ ಆಲ್ಬಂ ಬಂದದ್ದು 1968ರಲ್ಲಿ. ಗೌರವ ಸಿಗುವಷ್ಟರಲ್ಲಿ ಅದರ ಕೀಬೋರ್ಡ್ ವಾದಕ ಜಾನ್ ಲಾರ್ಡ್ ತೀರಿಕೊಂಡು ಸುಮಾರು ನಾಲ್ಕು ವರ್ಷವಾಗಿತ್ತು. ಹಿರಿಯರಿಗೆ ಹಾಕಬೇಕಾದ ಹಾರವನ್ನು ತಡಮಾಡಿದರೆ ಅದು ಭಾವಚಿತ್ರಕ್ಕೆ ಹಾಕುವ ಹಾರವಾಗುತ್ತದೆ.

ಅಜ್ಜಿಯರಿಗೆ ಇಷ್ಟವಾಗುವ ಒಂದು ವಿಷಯ ಉಳಿದಿದೆ. ಹೆವಿ ಮೆಟಲ್ ಕೇಳುವವರು ತೋರುಬೆರಳು, ಕಿರುಬೆರಳು ಎತ್ತಿ ಕೊಂಬಿನ ಹಾಗೆ ಕೈ ತೋರಿಸುತ್ತಾರಲ್ಲ, ಅದನ್ನು ಜನಪ್ರಿಯಗೊಳಿಸಿದವರು ಗಾಯಕ ರೋನಿ ಜೇಮ್ಸ್ ಡಿಯೋ. ಅದೇನು ಭೂತಪ್ರೇತದ ಗುರುತೋ ಎಂದು ಹೆದರಬೇಡಿ. ಇಟಲಿ ಮೂಲದ ತನ್ನ ಅಜ್ಜಿಯಿಂದ ಅದನ್ನು ಕಲಿತೆ ಎಂದು ಅವರು ಹೇಳುತ್ತಿದ್ದರು. ಕೆಟ್ಟ ದೃಷ್ಟಿ ತಾಗದಿರಲೆಂದು ಆ ಅಜ್ಜಿ ಹಾಗೆ ಮಾಡುತ್ತಿದ್ದರಂತೆ! ನಮ್ಮಲ್ಲಿ ಉಪ್ಪು, ಮೆಣಸಿನಕಾಯಿ ನಿವಾಳಿಸುವ ಹಾಗೆ. ಡಿಯೋ ಮೇ 2010ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಲಾಸ್ ಏಂಜಲೀಸ್‌ನಲ್ಲಿ ಅಭಿಮಾನಿಗಳಿಗಾಗಿ ಶ್ರದ್ಧಾಂಜಲಿ ಸಭೆ ನಡೆಯಿತು. ಅದನ್ನು ನಡೆಸಿಕೊಟ್ಟವರು ಎಡ್ಡಿ ಟ್ರಂಕ್. ನಿರೂಪಕ ಎಂದರೆ ನಗಿಸುವವನು ಮಾತ್ರವಲ್ಲ, ದುಃಖದ ದಿನ ಮಾತು ಹುಡುಕಿ ಕೊಡುವವನೂ ಹೌದು.

‘ದಟ್ ಮೆಟಲ್ ಶೋ’ 14 ಸರಣಿಗಳನ್ನು ಮುಗಿಸಿ 2015ರಲ್ಲಿ ನಿಂತಿತು. ಮರುವರ್ಷ ಆ ವಾಹಿನಿಯೇ ಹೆಸರು ಬದಲಿಸಿಕೊಂಡಿತು. ಟ್ರಂಕ್ ಮನೆಯಲ್ಲಿ ಕೂರಲಿಲ್ಲ. ತಾವು ಹೊರಟ ರೇಡಿಯೊದಲ್ಲೇ ಮಾತು ಮುಂದುವರಿಸಿದರು.

ಇದೆಲ್ಲ ದೂರದ ಅಮೆರಿಕದ ಮಾತು ಎನ್ನುವಿರಾ? 2007ರಲ್ಲಿ ‘ಐರನ್ ಮೇಡನ್’, 2011ರಲ್ಲಿ ‘ಮೆಟಾಲಿಕಾ’ ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲೇ ನುಡಿಸಿ ಹೋಗಿವೆ. ಅಂದು ಕುಣಿದವರಲ್ಲಿ ಕೆಲವರು ನಿಮ್ಮ ಚಿಕ್ಕಪ್ಪನೋ ಸೋದರಮಾವನೋ ಇರಬಹುದು, ವಿಚಾರಿಸಿ ನೋಡಿ.

ಈ ಭಾನುವಾರ ಮನೆಯಲ್ಲೂ ‘ಟ್ರಂಕನ್ನು ಸೋಲಿಸಿ’ ಆಟ ಆಡಿ. ಟ್ರಂಕಿನ ಜಾಗದಲ್ಲಿ ಒಮ್ಮೆ ಅಜ್ಜ ಕೂರಲಿ, ಒಮ್ಮೆ ನೀವು ಕೂರಿ. ಅಜ್ಜನಿಗೆ ಹಳೆಯ ಕನ್ನಡ ಚಿತ್ರಗೀತೆಗಳ ಬಗ್ಗೆ ಕೇಳಿ: ಹಾಡಿದವರು ಯಾರು, ರಾಗ ಹಾಕಿದವರು ಯಾರು, ಮೊದಲು ಎಲ್ಲಿ ಕೇಳಿದಿರಿ? ಅಜ್ಜ ನಿಮಗೆ ನಿಮ್ಮ ಇಷ್ಟದ ಹಾಡುಗಳ ಬಗ್ಗೆ ಅದನ್ನೇ ಕೇಳಲಿ. ಉತ್ತರ ಬಾರದಿದ್ದವರು ಸಿಟ್ಟಾಗುವಂತಿಲ್ಲ, ಗೆದ್ದವರು ಬೀಗುವಂತಿಲ್ಲ. ಬಹುಮಾನಕ್ಕೆ ಅಜ್ಜಿಯ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಇದ್ದೇ ಇರುತ್ತದೆ. ಅಜ್ಜ ಹೇಳಿದ ಉತ್ತರಗಳನ್ನು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಮರೆಯಬೇಡಿ.